ಅರ್ಧಕ್ಕೆ ನಿಂತ ತೋಡಿ

ಜಮಖಾನ ಕೊಡವಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು: ಧೂಳು, ಊದಿನಕಡ್ಡಿ, ಯಾರೋ ಚೆಲ್ಲಿದ ಚಹಾ. ಈ ಭಾನುವಾರ ಔರಾದದ ಹುಡುಗಿಯೊಬ್ಬಳು ಬೀದರಿನ ನಮ್ಮ ಮನೆಯಲ್ಲಿ ಹಾಡುವವಳಿದ್ದಾಳೆ. ಅದಕ್ಕೇ ಮಾಳಿಗೆಯ ಮೇಲೆ ಇದನ್ನು ಹರವುತ್ತಿದ್ದೆ. ಎರಡು ಸಲ ಕೊಡವುವಷ್ಟರಲ್ಲಿ ಸೊಂಟ ಹಿಡಿಯಿತು. ಸಾಕಪ್ಪಾ ಸಾಕು ಎಂದು ಅಲ್ಲೇ ಕೂತೆ. ಹೊಸದಾಗಿ ಹಾಡುವವರಿಗೆ ವೇದಿಕೆ ಕೊಡಬೇಕೆಂಬ ಹುಚ್ಚು ನನಗೆ ಯಾವಾಗ ಹತ್ತಿತೋ ಕಾಣೆ. ನನಗೆ ಹಾಡಲು ಬರುವುದಿಲ್ಲ. ಬಂದಿದ್ದರೆ ಈ ಕುರ್ಚಿ ಹೊರುವ ಕೆಲಸವಾದರೂ ತಪ್ಪುತ್ತಿತ್ತು.

ಕುರ್ಚಿ ಹೊತ್ತು ಬಂದ ದಣಿವು ರಾತ್ರಿ ಮಲಗಿದರೆ ಹೋಗುತ್ತದೆ. ಮುಖ್ಯ ಅತಿಥಿಗಳಿಂದ ಬಂದದ್ದು ಹೋಗುವುದಿಲ್ಲ ನೋಡಿ. ನಮ್ಮ ಕಡೆ ಅವರಿಲ್ಲದೆ ಕಾರ್ಯಕ್ರಮವೇ ಇಲ್ಲ, ಮತ್ತೆ ಅವರು ಹೊತ್ತಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಒಮ್ಮೆ ಭಾಲ್ಕಿಯಲ್ಲಿ ಮೆಹಕರದ ಸುಜಾತಾಳ ಹಾಡು ಇಟ್ಟಿದ್ದೆ. ಬೀದರಿಗೆ ಬಸ್ಸಿನಲ್ಲಿ ಓಡಾಡಿ ವರ್ಷಗಟ್ಟಲೆ ಖಯಾಲ್ ಗಾಯನ ಕಲಿತ ಹುಡುಗಿ. ಆಕೆಯ ತಂದೆ ಹೊಲದ ಕೆಲಸ ಬಿಟ್ಟು ಅಂದೇ ಮೊದಲ ಸಲ ಕೇಳಲು ಬಂದಿದ್ದರು. ಬಂದವರೇ, "ಇವತ್ತ ಒಂದು ಸಲ ಕೇಳಿ ನೋಡ್ತೇನಿರಿ. ಸಾಕು ಅನಿಸಿದ್ರ ಕಲಿಯೋದು ಬಿಡಿಸ್ತೇನಿ" ಎಂದರು. ಹುಡುಗಿ ಅದನ್ನು ಕೇಳಿಸಿಕೊಂಡೇ ತಂಬೂರಿ ಶ್ರುತಿ ಮಾಡಿದಳು.

ಅತಿಥಿಗಳ ದಾರಿ ಕಾದು ಕಾದು, ಕೊನೆಗೆ ಹಾಡಮ್ಮ ಎಂದೆ. ತೋಡಿ ಬೆಳಗಿನ ರಾಗ. ಆಲಾಪ ಆಗಷ್ಟೇ ಕುದುರುತ್ತಿತ್ತು. ಹೊರಗೆ ಕಾರಿನ ಬಾಗಿಲು ಬಡಿಯಿತು. ಎಲ್ಲರೂ ಎದ್ದರು. ಹಾಡು ನಿಂತಿತು. ಹಾರ, ಶಾಲು, ಭಾಷಣ. ಭಾಷಣ ಮಾಡಿದವರಿಗೆ ಮತ್ತೊಂದು ಶಾಲು. ಬಿಸಿಲು ನೆತ್ತಿಗೇರಿದ ಮೇಲೆ ಅತಿಥಿಗಳು ಗಡಿಯಾರ ನೋಡಿ, "ತಂಗಿ, ಒಂದು ವಚನ ಹಾಡಿ ಮುಗಿಸವ್ವ" ಎಂದರು. ಹಾಡಿದಳು. ಚಪ್ಪಾಳೆಯೋ ಚಪ್ಪಾಳೆ! ನನಗೆ ಮೈಯೆಲ್ಲ ಉರಿಯಿತು. ಜನ ಊಟಕ್ಕೆ ಎದ್ದು ಹೋದರು.

ತಂದೆಗೋ ಹಿಗ್ಗು. "ಭಾಳ ಚಲೋ ಹಾಡಿದಳ್ರಿ. ಇಷ್ಟು ಬಂತಲ್ಲ, ಇನ್ನ ಯಾಕ ಕಲೀಬೇಕು? ನಾಳಿಂದ ಬ್ಯಾಡ."

ಸುಜಾತಾ ವೇದಿಕೆ ಬಿಟ್ಟು ಇಳಿಯಲೇ ಇಲ್ಲ.

"ಅಪ್ಪಾ, ಆ ವಚನ ನಾ ಸಾಲ್ಯಾಗ ಇದ್ದಾಗೇ ಹಾಡ್ತಿದ್ದೆ. ಕಲಿತಿದ್ದು ನಿನಗ ಇನ್ನೂ ಕೇಳಿಸೇ ಇಲ್ಲ."

"ಖರೇ ಏನ್ರಿ?" ಎಂದು ಅವರು ನನ್ನತ್ತ ತಿರುಗಿದರು.

"ಖರೇ ರಿ," ಎಂದೆ.

ಅವರು ಮತ್ತೆ ಕೂತರು. "ಹಂಗಾರ ಹಾಡು."

"ತೋಡಿ ಹೊತ್ತು ಮೀರಿತಲ್ಲಪ್ಪ."

"ಅದು ನನಗೇನ್ ಗೊತ್ತಾಗ್ತದ? ಹಾಡು ನೀ."

ನಡುಮಧ್ಯಾಹ್ನ ಬೆಳಗಿನ ತೋಡಿ ಹಾಡಿದಳು. ಖಾಲಿ ಕುರ್ಚಿಗಳ ನಡುವೆ ನಾವಿಬ್ಬರು, ಅತ್ತ ಹಸಿದ ತಬಲಾದವನು. ತಂದೆ ತಲೆದೂಗಲಿಲ್ಲ, ವಾಹ್ ಎನ್ನಲಿಲ್ಲ. ಮುಗಿದ ಮೇಲೆ, "ನನಗೇನೂ ತಿಳೀಲಿಲ್ರಿ. ಇನ್ನೂ ಭಾಳ ಅದ ಅನ್ನೋದಷ್ಟು ತಿಳೀತು" ಎಂದರು. ಮುಂದಿನ ವಾರ ಮಗಳನ್ನು ಬೈಕಿನ ಮೇಲೆ ತಾವೇ ಬೀದರಿಗೆ ಕರೆತಂದರು.

ಹೀಗೆ ನೆನೆಯುತ್ತ ಕೂತಿದ್ದಾಗ ಗೆಳೆಯರೊಬ್ಬರ ಫೋನು ಬಂತು. "ಭಾನುವಾರ ಮುಖ್ಯ ಅತಿಥಿ ಯಾರ್ರಿ?"

ದಣಿದವನಿಗೆ ಧೈರ್ಯ ಎಲ್ಲಿಂದ ಬರುತ್ತದೋ!

"ಹಾಡೋ ಹುಡುಗಿಯ ಅವ್ವ ರಿ," ಎಂದೆ. "ಮಗಳ ಹಾಡು ಆಕಿ ಇನ್ನೂ ಪೂರಾ ಕೇಳಿಲ್ಲಂತ."