ಒಂದೇ ಗಲ್ಲದ ದುಃಖ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರಷ್ಟು ಉದಾರ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದೇ ಜನ ಶಂಶಾಬಾದಿನ ಬಸ್ಸಿಗೆ ಕಿಟಕಿಯಿಂದಲೇ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಾರೆ, ಬಿರಿಯಾನಿ ಅಂಗಡಿಯಲ್ಲಿ ಮುಂದಿನವನ ಹೆಗಲ ಮೇಲಿಂದ ಕೈ ಚಾಚುತ್ತಾರೆ. ಇಲ್ಲಿ ಮಾತ್ರ ಹೆಸರು ಕರೆದ ಕೂಡಲೇ ಪಕ್ಕದವರ ಕಡೆ ತಿರುಗಿ, ನಿಮಗೆ ಅವಸರವಿದ್ದರೆ ನೀವೇ ಹೋಗಿ ಎನ್ನುತ್ತಾರೆ.

ಹೋದ ವರ್ಷದ ಒಂದು ಸೋಮವಾರ ಸಂಜೆ ಅಂಥ ಬೆಂಚಿನ ಮೇಲೆ ನಾನೂ ನಮ್ಮ ಮನೆಯವರೂ ಕೂತಿದ್ದೆವು. ನಾವು ಗದಗದ ಕಡೆಯವರು, ಕೆಲಸಕ್ಕೆಂದು ಈ ತೆಲುಗು ಸೀಮೆಗೆ ಬಂದವರು. ಅವರು ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು, ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಕೀಳಬೇಕಾಗಿದ್ದದ್ದು ನನ್ನ ಬಲಗಡೆಯ ದವಡೆ ಹಲ್ಲು. ಧೈರ್ಯ ಹೇಳಲು ಬಂದವರು ಅವರು. ಆದರೆ ಒಳಗಿನಿಂದ ಯಂತ್ರ ಕುಯ್ಯೆಂದಾಗಲೆಲ್ಲ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದವರೂ ಅವರೇ. ನನ್ನ ಹೆಸರು ಕರೆದಾಗ ನಾನು ಏಳುವ ಮೊದಲೇ ಅವರು ಪಕ್ಕದ ಹೆಂಗಸಿಗೆ, "ನೀವ ಮೊದಲ ಹೋಗ್ರಿ ಅಕ್ಕಾರ, ನಮ್ಮದೇನ ಅವಸರಿಲ್ಲ" ಅಂದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ. ಕೈ ಸನ್ನೆಯೇ ಸಾಕಾಯಿತು. ಹೀಗೆ ನನ್ನ ಪಾಳಿಯನ್ನು ಆರು ಜನರಿಗೆ ಪ್ರಸಾದದಂತೆ ಹಂಚಿ ಮುಗಿಸುವಷ್ಟರಲ್ಲಿ ಡಾಕ್ಟರು ಕೈಗವಸು ಬಿಚ್ಚಿದ್ದರು. ಚೀಟಿ ಕೊಡುವ ಹುಡುಗಿ ನಗುತ್ತ "ರೇಪು ರಂಡಿ" ಎಂದು ನಾಳೆಗೆ ಕರೆದಳು.

ಪರೀಕ್ಷೆ ಮುಂದಕ್ಕೆ ಹೋದ ಮಕ್ಕಳಂತೆ ನಾವು ಇರಾನಿ ಚಹಾದ ಅಂಗಡಿಗೆ ಹೋದೆವು. ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಮೆತ್ತಗಾದ ಮೇಲೆ ಎಡಗಡೆಯಿಂದ ತಿಂದೆ. "ಆ ಹಲ್ಲ ನಿನ್ನ ಜೋಡಿ ನಲವತ್ತ ವರ್ಷ ಬಾಳೇವ ಮಾಡೇತಿ," ಅಂದರು ಅವರು. "ಒಂದ ದಿನ ಹೆಚ್ಚಿಗಿ ಇರಲಿ ಬಿಡು." ಮಂಗಳವಾರ ಬೇಡವೆಂದು ನಾನು ಅಂದೆ, ಬುಧವಾರ ಸಂಜೆ ಎಂದು ಅವರು ಅಂದರು. ಬುಧವಾರ ಬೆಳಿಗ್ಗೆ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು.

ಇನ್ನು ಹೇಳುವುದು ಸ್ವಲ್ಪ ನಾಚಿಕೆಯ ಸಂಗತಿ. ಅವರು ಹೋದ ಮೂರನೆಯ ದಿನ ನನ್ನ ಬಲಗಲ್ಲ ಬೂದುಗುಂಬಳದಂತೆ ಊದಿತು. ಊರಿನಿಂದ ಮಾತಾಡಿಸಲು ಬಂದ ಹೆಣ್ಣುಮಕ್ಕಳು ನನ್ನ ಮುಖ ನೋಡಿ, "ಅತ್ತ ಅತ್ತ ಮಾರಿ ಹೆಂಗ ಊದೇತಿ ನೋಡ್ರಿ" ಎಂದು ತಾವೂ ಕಣ್ಣೊರೆಸಿಕೊಂಡರು. ರೊಟ್ಟಿ ಮುಂದಿಟ್ಟರೆ ನನಗೆ ಅಗಿಯಲಾಗದು. "ಪಾಪ, ತುತ್ತ ಇಳಿವಲ್ದು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಗಂಜಿ ಕಾಯಿಸಿ ಕೊಟ್ಟರು. ಖರೆ ಹೇಳಬೇಕೆಂದರೆ ನನಗೆ ಇನ್ನೂ ಅಳು ಬಂದಿರಲಿಲ್ಲ. ಎಲ್ಲೋ ಗಟ್ಟಿಯಾಗಿ ಕೂತಿತ್ತು. ನನ್ನ ಪರವಾಗಿ ಆ ಹಲ್ಲೇ ದುಃಖಪಟ್ಟು, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಾಯುತ್ತಿತ್ತು. ಅಂಥ ಉಪಕಾರಿಯನ್ನು ಕೀಳಿಸುವುದಾದರೂ ಹೇಗೆ ಹೇಳಿ?

ಗುಟ್ಟು ಹಿಡಿದವಳು ನನ್ನ ನಾದಿನಿ ಸರೋಜಾ. ದಿನದ ಕಾರ್ಯ ಮುಗಿದ ಮರುದಿನ ಅಡಿಗೆಮನೆಯಲ್ಲಿ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು.

"ವೈನಿ, ಕಣ್ಣ ಎರಡ ಅದಾವು, ಗಲ್ಲ ಮಾತ್ರ ಒಂದ ಊದೇತಿ. ತಾಳ ಹತ್ತವಲ್ದು. ಬಾಯಿ ತಗೀರಿ."

ಮೊಬೈಲಿನ ಬೆಳಕು ಹಾಕಿ ನೋಡಿದಳು. "ನಮ್ಮ ಅಣ್ಣಗ ಗೊತ್ತಿತ್ತೇನ ಇದು?"

"ಗೊತ್ತಿತ್ತು. ಕೀಳಸಾಕಂತ ಕರಕೊಂಡ ಹೋಗಿದ್ದರು. ನನ್ನ ಪಾಳಿ ಊರಿಗೆಲ್ಲ ಹಂಚಿ, ಚಹಾ ಕುಡಿಸಿ ಕರಕೊಂಡ ಬಂದರು."

ಸರೋಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗತೊಡಗಿತು. "ಸಣ್ಣಾಂವ ಇದ್ದಾಗ ಕಿವಿ ಚುಚ್ಚಾಕ ಬಂದರ ಕಣಜದಾಗ ಅಡಗಿದ್ದ" ಎಂದು ಹೇಳುವಷ್ಟರಲ್ಲಿ ನನಗೂ ತಡೆಯಲಾಗಲಿಲ್ಲ. ಊದಿದ ಗಲ್ಲದಿಂದ ನಗುವುದು ಎಷ್ಟು ನೋವಿನ ಕೆಲಸವೆಂದರೆ, ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕೆ. ಹೊರಗೆ ಕೂತವರು ಅತ್ತಿಗೆ ನಾದಿನಿ ಅಪ್ಪಿಕೊಂಡು ಅಳುತ್ತಿದ್ದಾರೆಂದು ತಿಳಿದು ನೀರು ಕಳಿಸಿದರು.

ನಾಳೆಯೇ ಕೀಳಿಸಬೇಕೆಂದು ಸರೋಜಾ ಹಟ ಹಿಡಿದಳು. ನಾನು ಶಾಸ್ತ್ರದ ಹಿಂದೆ ಅಡಗಿದೆ: ವರ್ಷದ ಕಾರ್ಯ ಆಗುವ ತನಕ ಮನೆಯಲ್ಲಿ ಏನೂ ಮಾಡಬಾರದಲ್ಲ?

"ಹಲ್ಲ ಕೀಳಸೋದೇನ ಲಗ್ನ ಏನ್ರಿ ವೈನಿ? ಹಂದರ ಹಾಕಿ ವಾಲಗ ಊದಸ್ತಾರೇನ?"

ಬಿಡದೆ ಊರಿನ ಐನೋರಿಗೇ ಫೋನು ಹಚ್ಚಿದಳು. ನನ್ನ ಧರ್ಮಸಂಕಟವನ್ನು ಪೂರ್ತಿ ಕೇಳಿದ ಅವರು, "ನಾನ ಎರಡ ಕೀಳಿಸೀನಿ ತಂಗಿ, ಒಂದ ಅಂತೂ ಶ್ರಾವಣದಾಗ" ಎಂದು ಫೋನು ಇಟ್ಟರು. ಶಾಸ್ತ್ರವೂ ಕೈ ಬಿಟ್ಟಿತು. ಆದರೂ ಸರೋಜಾ ಊರಿಗೆ ಹೋದ ಮೇಲೆ ಅವಳು ತಂದುಕೊಟ್ಟ ಗುಳಿಗೆ, ನನ್ನದೇ ಲವಂಗ ಸೇರಿಸಿ ಎರಡು ತಿಂಗಳು ದೂಡಿದೆ. ಕೊನೆಗೆ ಹೊಲಿಗೆ ಯಂತ್ರ ತುಳಿದರೆ ಹಲ್ಲು ಜುಮ್ಮೆನ್ನತೊಡಗಿತು. ಒಂದು ಬ್ಲೌಸಿಗೆ ಎರಡೂ ಬಲಗೈ ತೋಳನ್ನೇ ಹಚ್ಚಿದ ದಿನ, ಬಿಚ್ಚುವ ಕೆಲಸವನ್ನು ಹಾಗೇ ಬಿಟ್ಟು ಎದ್ದೆ.

ಹಲ್ಲಿನ ಡಾಕ್ಟರ ಅದೇ ಬೆಂಚಿನ ಮೇಲೆ ನನ್ನ ಪಕ್ಕ ಬಿಳಿಗಡ್ಡದ ಸಾಹೇಬರೊಬ್ಬರು ಗಲ್ಲಕ್ಕೆ ಮಫ್ಲರು ಕಟ್ಟಿಕೊಂಡು ಕೂತಿದ್ದರು. ನನ್ನ ಹೆಸರು ಕರೆದರು. ನಾನು ಅವರ ಕಡೆ ತಿರುಗಿ, "ಆಪ್ ಜಾಯಿಯೇ" ಅಂದೆ. ಅವರು ಎದೆಯ ಮೇಲೆ ಕೈಯಿಟ್ಟು, "ನಹೀ ಅಮ್ಮಾ, ಪೆಹಲೆ ಆಪ್" ಅಂದರು. ನಾನು ಮತ್ತೊಮ್ಮೆ ಒತ್ತಾಯಿಸಿದೆ, ಅವರು ಇನ್ನೂ ವಿನಯದಿಂದ ಬಾಗಿದರು. ಇಬ್ಬರು ಹೆದರುಪುಕ್ಕಲರ ನಡುವಿನ ಸೌಜನ್ಯಕ್ಕೆ ಕೊನೆಯೆಂಬುದಿಲ್ಲ.

ಅಷ್ಟರಲ್ಲಿ ಚೀಟಿಯ ಹುಡುಗಿ ನನ್ನ ಗುರುತು ಹಿಡಿದಳು. ನನ್ನ ಇನ್ನೊಂದು ಪಕ್ಕದ ಖಾಲಿ ಜಾಗ ನೋಡಿ ತೆಲುಗಿನಲ್ಲಿ ಕೇಳಿದಳು. "ಸಾರ್ ರಾಲೇದಾ ಅಮ್ಮಾ?"

ನಮ್ಮ ಮನೆಯವರು ಬರಲಿಲ್ಲವೇ ಎಂದು. "ರಾಲೇದು" ಅಂದೆ. ಬರಲಿಲ್ಲ. ಸುಳ್ಳೇನೂ ಆಗಲಿಲ್ಲ. ಆದರೆ ಅವಳ ಮುಖದಲ್ಲಿ ಎರಡನೆಯ ಪ್ರಶ್ನೆ ಮೂಡುತ್ತಿತ್ತು. ಇಕ್ಕಳ ಎಷ್ಟೇ ದೊಡ್ಡದಿರಲಿ, ಆ ಪ್ರಶ್ನೆಗಿಂತ ದೊಡ್ಡದಿರಲಾರದು ಎನಿಸಿತು. ಯಾರಿಗೂ ಪಾಳಿ ಬಿಡದೆ ಸರಸರನೆ ಒಳಗೆ ಹೋಗಿ ಕುರ್ಚಿಯ ಮೇಲೆ ಮಲಗಿದೆ.

ಇಂಜೆಕ್ಷನ್ನಿಗೆ ದವಡೆ ಮರದಂತಾಯಿತು. ಡಾಕ್ಟರಮ್ಮ ಹಲ್ಲು ಹಿಡಿದರು. ಅದು ಅಲುಗಿದ್ದಷ್ಟೇ ನನಗೆ ಗೊತ್ತಾದದ್ದು, ನೋವಿರಲಿಲ್ಲ. ಒಂದು ಕಡೆ ಪೂರ್ತಿ ನೋವಿಲ್ಲದಂತಾದ ಆ ಕ್ಷಣದಲ್ಲಿ, ಎರಡು ತಿಂಗಳ ಮೇಲಾದರೂ ಬಾರದೆ ಇದ್ದ ಅಳು ಬಂತು. ಎರಡೂ ಕಣ್ಣಿನಿಂದ, ಕಿವಿಯೊಳಗೆ ಇಳಿಯುವಷ್ಟು. ಡಾಕ್ಟರಮ್ಮ ಗಾಬರಿಯಾಗಿ "ನೊಪ್ಪಿಗಾ ಉಂದಾ?" ಎಂದು, ನನಗೆ ನೋಯುತ್ತಿದೆಯೆಂದೇ ತಿಳಿದು ಇನ್ನೊಂದು ಇಂಜೆಕ್ಷನ್ನು ಚುಚ್ಚಿದರು. ಬಾಯಿ ತುಂಬ ಅವರ ಕೈ ಇದ್ದಾಗ ಏನು ವಿವರಿಸಲಿ? ಹಲ್ಲು ನೋಯುವಾಗ ಜನ ದುಃಖವೆಂದರು, ದುಃಖವಾಗುವಾಗ ಹಲ್ಲೆಂದರು. ಎರಡು ಸಲವೂ ನನಗೆ ಒಳ್ಳೆಯದೇ ಆಯಿತು. ಮೊದಲ ಸಲ ಗಂಜಿ ಸಿಕ್ಕಿತು, ಎರಡನೆಯ ಸಲ ಯಾರೂ ಏನೂ ಕೇಳದೆ ಅಳಲು ಬಿಟ್ಟರು.

ಹತ್ತಿ ಕಚ್ಚಿಕೊಂಡಿರಿ, ಒಂದು ತಾಸು ಮಾತಾಡಬೇಡಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಗಡಿಯಾರದ ಎದುರು ವಿಧೇಯಳಾಗಿ ಕೂತೆ. ತಾಸು ತುಂಬಿತು, ಹತ್ತಿ ತೆಗೆದೆ, ಬಾಯಿ ಮುಕ್ಕಳಿಸಿದೆ. ಇನ್ನು ಮಾತಾಡಬಹುದಿತ್ತು. ಮಾತಾಡಲು ಅವರು ಇರಲಿಲ್ಲ.