ಬಿಳಿಯಾದ ಮೈಲುತುತ್ತ

ಸಿದ್ದಮ್ಮ ಏನನ್ನೂ ಕದ್ದಿರಲಿಲ್ಲ. ಅಲ್ಲಿ ಕಳ್ಳತನವೇ ನಡೆದಿರಲಿಲ್ಲ — ಅದು ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಬಾಯಿ ಬಿಡಲಿಲ್ಲ.

ಆಗ ನಾನು ಕೊಳ್ಳೇಗಾಲದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಸಿದ್ದಮ್ಮ ಲ್ಯಾಬಿನ ಅಟೆಂಡರ್. ಮಾಂಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಳೆಗಾಲಕ್ಕೆ ತೇವ ಹಿಡಿದಿದ್ದ ಮೈಲುತುತ್ತವನ್ನು ಆರಲೆಂದು ತಟ್ಟೆಯಲ್ಲಿ ಹರಡಿ ಕರೆಂಟ್ ಒಲೆಯ ಮೇಲಿಟ್ಟವನು ನಾನು. ಸ್ವಿಚ್ ಆರಿಸದೆ ಮನೆಗೆ ಹೋದವನೂ ನಾನೇ. ಬೆಳಗ್ಗೆ ನೋಡಿದರೆ ನೀಲಿಯೆಲ್ಲ ಹೋಗಿ ಬರೀ ಬಿಳಿ ಪುಡಿ. ಲ್ಯಾಬಿಗೆ ಬೆಂಕಿ ಬೀಳದಿದ್ದದ್ದೇ ಪುಣ್ಯ. ಗಡಿಬಿಡಿಯಲ್ಲಿ ಅದನ್ನೇ ಬಾಟಲಿಗೆ ಸುರಿದೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಬಾಟಲಿ ನೋಡಿದರು — ಅವರು ಇತಿಹಾಸದ ಮೇಷ್ಟ್ರು, ಬಿಳಿ ಪುಡಿ ಅವರಿಗೆ ಉಪ್ಪಿನಂತೆ ಕಂಡಿತು. ಸಿದ್ದಮ್ಮನ ಗಂಡನದು ಎಲೆತೋಟ. ಬಳ್ಳಿಗೆ ರೋಗ ಬಂದರೆ ಮೈಲುತುತ್ತಕ್ಕೆ ಸುಣ್ಣ ಕಲಸಿ ಹೊಡೆಯುತ್ತಾರೆ. ಅನುಮಾನಕ್ಕೆ ಅಷ್ಟು ಸಾಕಾಯಿತು.

“ತುತ್ತಾನ ಗಂಡನ ತೋಟಕ್ಕೆ ಸಾಗಿಸ್ಬುಟ್ಟು ಬಾಟ್ಲಿಗೆ ಉಪ್ಪು ತುಂಬಿದ್ದೀಯಲ್ಲಮ್ಮ!”

“ನಾ ಮುಟ್ಟೇ ಇಲ್ಲ ಸಾ...” ಸಿದ್ದಮ್ಮ ನನ್ನ ಕಡೆ ತಿರುಗಿದರು. “ನೀವಾದ್ರೂ ಯೋಳಿ ಸಾ.”

ಒಂದು ಹನಿ ನೀರು — ಅಷ್ಟೇ ಬೇಕಿತ್ತು. ಮೈಲುತುತ್ತದ ಹರಳಿನೊಳಗೇ ನೀರಿರುತ್ತದೆ. ಕಾಯಿಸಿದರೆ ಆ ನೀರು ಆವಿಯಾಗಿ ಹೋಗಿ ಹರಳು ಬೆಳ್ಳಗಾಗುತ್ತದೆ; ಮತ್ತೆ ನೀರು ಕೊಟ್ಟರೆ, ಹೀರಿಕೊಂಡ ಶಾಖವನ್ನು ಬಿಟ್ಟುಕೊಡುತ್ತ ನೀಲಿಗೆ ಮರಳುತ್ತದೆ. ಮುಂದಕ್ಕೂ ಹಿಂದಕ್ಕೂ ನಡೆಯುವ ಕ್ರಿಯೆ — ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಎರಡೂ ಕಡೆಗೆ ಬಾಣ ಎಳೆದು ಪಾಠ ಮಾಡಿದ್ದೆ. ನಲ್ಲಿ ಪಕ್ಕದಲ್ಲೇ ಇತ್ತು. ಆದರೆ ಪುಡಿ ನೀಲಿಯಾದರೆ ಕಾಯಿಸಿದ್ದು ಯಾರು ಎಂದು ಕೇಳುತ್ತಿದ್ದರು. ಮುಂದಿನ ವರ್ಷಕ್ಕೆ ನನ್ನನ್ನು ಉಳಿಸಿಕೊಳ್ಳುವುದು ಪ್ರಿನ್ಸಿಪಾಲರ ಕೈಯಲ್ಲಿತ್ತು...

“ನನಗೇನೂ ಗೊತ್ತಿಲ್ಲ ಸರ್,” ಎಂದೆ.

ಸಿದ್ದಮ್ಮನ ಕೆಲಸ ಹೋಯಿತು, ನನ್ನದು ಉಳಿಯಿತು. ಊರಿನಲ್ಲಿ ಅವರಿಗೆ ‘ತುತ್ತಗಳ್ಳಿ’ ಎಂಬ ಹೆಸರು ಅಂಟಿಕೊಂಡಿತಂತೆ. ನಾನು ಮಾತ್ರ ಈಗಲೂ ಪ್ರತಿ ವರ್ಷ ತರಗತಿಯಲ್ಲಿ ಬಿಳಿ ಪುಡಿಗೆ ಹನಿ ಬಿಟ್ಟು ನೀಲಿ ಮಾಡಿ ತೋರಿಸುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಗೆ ನಗುತ್ತಲೂ ಇರುತ್ತೇನಲ್ಲ — ಎಂಥ ನಾಚಿಕೆಗೆಟ್ಟವನು ನಾನು!

ಕಳೆದ ತಿಂಗಳು ಮಾಂಬಳ್ಳಿಗೆ ಹೋದೆ. ಅವರ ನಡುಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸಿದ್ದಮ್ಮ ಅಳಲಿಲ್ಲ, ಬೈಯಲೂ ಇಲ್ಲ.

“ನಾ ಕದ್ದಿಲ್ಲ ಅಂತ ನಂಗೊತ್ತು ಸಾ. ನಂಗ್ಯಾಕ್ ಯೋಳೀರಿ? ಓಗಿ, ಬೀದೀಲಿ ನಿಂತ್ಕಂಡು ಯೋಳಿ.”

ಹೊರಗೆ ಎದುರು ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಚಪ್ಪಲಿ ಮೆಟ್ಟಿಕೊಂಡು ಅವರ ಮುಂದೆ ಹೋಗಿ ನಿಂತೆ. ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

ಕೊಳ್ಳೇಗಾಲದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.