ಹಿಂದಿನ ಸೀಟಿಲ್ಲದ ಕಾರು

ಮುಂಬೈಯಲ್ಲಿ ಡ್ರೈವರನಾಗಿ ಬದುಕುವವನಿಗೆ ಯಮನ ಭಯ ಆಮೇಲಿನದು. ಮೊದಲನೆಯ ಭಯ, ಸಾಹೇಬರಿಗೆ ತಾವೇ ಕಾರು ಓಡಿಸುವ ಹುರುಪು ಬಂದೀತು ಎನ್ನುವುದು. ಆ ಹುರುಪು ಬರುವ ಕಾಲ ಮುಗಿಯಿತೆಂದು ಶಂಕ್ರೆಪ್ಪ ಎಷ್ಟೋ ವರ್ಷಗಳಿಂದ ನಿಶ್ಚಿಂತನಾಗಿದ್ದ. ಅವನ ಸಾಹೇಬರು ದೇವಾನಂದ ಪಟ್ಟಣಶೆಟ್ಟಿಯವರಿಗೆ ಎಪ್ಪತ್ತು ದಾಟಿತ್ತು, ಮೊಣಕಾಲು ಹಿಡಿದಿತ್ತು, ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಇನ್ನೆಂಥ ಹುರುಪು? ಆದರೆ ಹಣೆಬರಹ ನೋಡಿ. ಗಣಪತಿ ಹಬ್ಬ ಮುಗಿದದ್ದೇ ಸಾಹೇಬರು ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡರು. ಕನ್ನಡಕವಿಲ್ಲದೆ ಪೇಪರು ಓದತೊಡಗಿದರು. ಒಂದು ಬೆಳಿಗ್ಗೆ ಆ ಪೇಪರಿನಿಂದ ತಲೆ ಎತ್ತಿ ಹೇಳಿದರು:

"ಶಂಕ್ರೆಪ್ಪಾ, ಶನಿವಾರ ಒಂದು ಗಾಡಿ ನೋಡಾಕ ಹೋಗೂದದ. ಟಾಪ್ ತಗಿಯೂ ಗಾಡಿ. ಎರಡ ಸೀಟಿಂದು."

ಶಂಕ್ರೆಪ್ಪ "ಹೂಂರಿ" ಎಂದ.

ಅವನದೇನು ದೊಡ್ಡ ಚರಿತ್ರೆಯಲ್ಲ ಬಿಡಿ. ಇಂಡಿ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಹೊತ್ತಿಗೆ ಈ ಊರಿಗೆ ಬಂದು, ಕಟ್ಟುವ ಬಿಲ್ಡಿಂಗುಗಳಲ್ಲಿ ಸಿಮೆಂಟು ಹೊತ್ತ. ಆಮೇಲೆ ಜೋಗೇಶ್ವರಿಯ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಟೆಂಪೋಕ್ಕೆ ಮಾಲು ತುಂಬುವ ಕೆಲಸ ಸಿಕ್ಕಿತು. ಕಾರ್ಖಾನೆಯ ಮಾಲಕರು ಪಟ್ಟಣಶೆಟ್ಟಿ, ಬೆಳಗಾವಿಯವರು, ಮನೆ ಮಾಟುಂಗದಲ್ಲಿ. ಹುಡುಗ ನಮ್ಮ ಕಡೆಯವನು ಎಂದು ಗಾಡಿ ಕಲಿಸಿದರು, ಲೈಸೆನ್ಸು ಮಾಡಿಸಿಕೊಟ್ಟರು, ಕೊನೆಗೆ ತಮ್ಮ ಕಾರಿನ ಕೀಲಿಯನ್ನೇ ಕೈಗಿಟ್ಟರು. ಅಂದಿನಿಂದ ಮುಂದಿನ ಸೀಟು ಅವನದು, ಹಿಂದಿನ ಸೀಟು ಸಾಹೇಬರದೂ ಅವರ ಹೆಂಡತಿ ಮಹಾದೇವಿಯವರದೂ. ಕಾರ್ಖಾನೆ ಮಾರಿದರು, ಮಗಳು ಅನುರಾಧಾ ಮದುವೆಯಾಗಿ ಪುಣೆಗೆ ಹೋದಳು, ಕಾರುಗಳು ಬದಲಾದವು. ಸೀಟುಗಳು ಮಾತ್ರ ಬದಲಾಗಲಿಲ್ಲ. ಮಹಾದೇವಿಯವರು ಹೋದ ಮೇಲೂ ಸಾಹೇಬರು ಎಡಗಡೆಗೇ ಕೂರುತ್ತಿದ್ದರು. ಸಂಜೆ ಸಂಜೆಗೆ ವರಳಿಯ ಸಮುದ್ರದ ತನಕ ಹೋಗಿ, ಒಂದು ಮಾತೂ ಆಡದೆ ತಿರುಗಿ ಬರುತ್ತಿದ್ದರು.

ಈಗ ಎರಡು ಸೀಟು ಎಂದರೆ? ಶಂಕ್ರೆಪ್ಪ ಗದಿಗೆಪ್ಪನಿಗೆ ಫೋನು ಹಚ್ಚಿದ. ಗದಿಗೆಪ್ಪ ಅದೇ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರ ಡ್ರೈವರನಾಗಿದ್ದವನು. ಆ ಮನೆಯ ಮಗ ಎರಡು ಸೀಟಿನ ಕಾರು ತಂದ ತಿಂಗಳಿಗೇ ಅವನನ್ನು ಬಿಡಿಸಿದ್ದರು. ಈಗ ವಿಕ್ರೋಳಿಯಲ್ಲಿ ಯಾವುದೋ ಆಫೀಸಿನ ಗೇಟು ಕಾಯುತ್ತಿದ್ದ.

"ಲೇ ಶಂಕ್ರ್ಯಾ, ಇದರಾಗ ಇಚಾರ ಮಾಡೂದೇನೈತಿ?" ಎಂದ ಗದಿಗೆಪ್ಪ. "ಎರಡ ಸೀಟಿನಾಗ ನಿನ್ನ ಎಲ್ಲಿ ಕುಂಡ್ರಿಸ್ತಾರ, ಡಿಕ್ಕಿಯಾಗ? ಕಣ್ಣ ಬ್ಯಾರೆ ಚೊಲೋ ಆಗ್ಯಾವಂತಿ. ಆತು, ನಿಂದು ಮುಗೀತು. ಈ ವಯಸ್ಸಿನಾಗ ನಮ್ಮನ್ನ ಯಾರೂ ಇಟಗೊಳ್ಳೂದಿಲ್ಲಪಾ. ಆ್ಯಪ್‌ನಾಗ ಒತ್ತಿದ್ರ ಹರೇದ ಹುಡುಗೂರು ಬರ್ತಾರ. ನನ್ನ ನೋಡು, ನಿಂತ ನಿಂತ ಕಾಲು ಬಾತಾವು."

ಜೋಗೇಶ್ವರಿಯ ಚಾಳಿನ ಖೋಲಿಯಲ್ಲಿ ಹೆಂಡತಿ ದಾನವ್ವ ಇನ್ನೊಂದು ರೀತಿ. ಅವಳು ಹೆದರಿದಾಗ ಅಳುವವಳಲ್ಲ, ಬೈಯುವವಳು. "ನಿನ್ನ ಬಾಯಾಗೇನು ಮಣ್ಣ ತುಂಬೇತಿ? ನೀ ಬ್ಯಾಡ ಅಂದ್ರ ಸಾಹೇಬ್ರು ತಗೊಳ್ಳೂದಿಲ್ಲ. ಗಾಡಿ ವಿಷಯದಾಗ ನಿನ್ನ ಮಾತು ಎಂದಾದ್ರೂ ಮೀರ್ಯಾರೇನು? ಬ್ಯಾಡ ಅಂದ ಬಾ. ಕೆಲಸ ಕಳಕೊಂಡ ಮಾತ್ರ ಬರಬ್ಯಾಡ." ಹಾಗೆಂದು ದೇವರ ಮುಂದೆ ಸಕ್ಕರೆ ಹಂಚುವ ಹರಕೆಯನ್ನೂ ಹೊತ್ತಳು. ದೇವರ ಕೈಯಲ್ಲಿ ಏನೇನು ಕೆಲಸ ಮಾಡಿಸುತ್ತೇವೆ ನಾವು, ಹರಹರ!

ಶನಿವಾರ ಬಂತು. ಶೋರೂಮಿನ ಗಾಜಿನ ಬಾಗಿಲು ಇಷ್ಟು ದೊಡ್ಡದು. ಒಳಗೆ ನಿಂತ ಕಾರು ಗಾಢ ಹಸಿರು, ನೆಲಕ್ಕೆ ಮೈಯಂಟಿಸಿ ಕೂತಿತ್ತು. ಅದನ್ನು ತೋರಿಸಲು ಬಂದವಳು ಸೌಮ್ಯಾ ಎಂಬ ಹುಡುಗಿ. ಇವರಿಬ್ಬರ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು.

"ಸರ್, ನಾನು ಭೀ ಕನ್ನಡಾ! ಪಪ್ಪಾ ಧಾರವಾಡ್. ಸಮಝ್‌ತದೆ ಎಲ್ಲಾ, ಬೋಲ್ನೇ ಮೇ ಥೋಡಾ ಗಡ್‌ಬಡ್." ಆಮೇಲೆ ಸಾಹೇಬರಿಗೆ ಕೀಲಿ ಚಾಚಿ, "ಟೆಸ್ಟ್ ಡ್ರೈವ್ ನೀವು ಮಾಡ್ತೀರಾ ಸರ್? ನಾನು ಬಾಜೂ ಕೂತ್ಕೋತೀನಿ," ಎಂದಳು.

ಸಾಹೇಬರು ಕೀಲಿ ಮುಟ್ಟಲಿಲ್ಲ. ಸೋಫಾದ ಮೇಲೆ ಕೂತು, "ಶಂಕ್ರೆಪ್ಪಾ, ನೀ ಹೊಡಕೊಂಡ ಬಾ. ಹೆಂಗದ ಹೇಳು. ನೀ ಹೂಂ ಅಂದ್ರ ತಗೊಳ್ಳೂದು, ಇಲ್ಲಾಂದ್ರ ಬಿಡೂದು," ಎಂದರು.

ಶಂಕ್ರೆಪ್ಪನಿಗೆ ಸಿಟ್ಟು ಉಕ್ಕಿತು. ನೇಣಿನ ಹಗ್ಗ ಗಟ್ಟಿ ಇದೆಯೇ ಎಂದು ನೇಣಿಗೇರುವವನಿಗೇ ಎಳೆದು ನೋಡು ಅಂದರೆ ಹೇಗೆ? ಆದರೂ ಕೂತ. ಕೂತದ್ದಲ್ಲ, ಒಳಗೆ ಇಳಿದ. ಸೌಮ್ಯಾ ಒಂದು ಗುಂಡಿ ಒತ್ತಿದಳು. ತಲೆಯ ಮೇಲಿನ ಛಾವಣಿ ತಾನಾಗಿ ಮಡಚಿಕೊಂಡು ಹಿಂದೆ ಸರಿದು ಮಾಯವಾಯಿತು. ಅಯ್ಯೋ, ಆಕಾಶ! ಇಷ್ಟು ವರ್ಷ ಸ್ಟೇರಿಂಗ್ ಹಿಡಿದವನಿಗೆ ಮೇಲೆ ಆಕಾಶವಿದೆ ಎಂಬುದೇ ಮರೆತುಹೋಗಿತ್ತು.

ಸಮುದ್ರದ ಬದಿಯ ಹೊಸ ರಸ್ತೆಗೆ ಬಿದ್ದಾಗ ಕಾಲನ್ನು ಚೂರು ಒತ್ತಿದ. ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಗಾಳಿ ಅಂಗಿಯೊಳಗೆ ನುಗ್ಗಿತು, ಬಲಗಡೆ ನೀರು ಮಿರಮಿರ ಮಿಂಚಿತು, ಬಸ್ಸಿನ ಕಿಟಕಿಯಿಂದ ಒಂದು ಮಗು ಕೈ ಬೀಸಿತು. ಶಂಕ್ರೆಪ್ಪನಿಗೆ ನಗು ಬಂತು. ಸಣ್ಣ ನಗುವಲ್ಲ, ಬಾಯಿ ತುಂಬ. ಪಕ್ಕದ ಸೀಟಿನ ಕಡೆ ನೋಡಿದ. ಒಂದು ಗಳಿಗೆ ಅಲ್ಲಿ ದಾನವ್ವ ಸೆರಗು ಹಿಡಿದು ಕೂತಂತೆ ಅನಿಸಿತು. ಜೀವನವಿಡೀ ಕಾರು ಓಡಿಸಿದ, ಹೆಂಡತಿಯನ್ನು ಒಂದು ಸಲವೂ ಕೂರಿಸಿಕೊಂಡಿರಲಿಲ್ಲ.

"ಅಂಕಲ್, ಮಜಾ ಬಂತು ನಾ?" ಎಂದು ಸೌಮ್ಯಾ ಕೂಗಿದಳು.

"ಭಾಳ ಬಂತವ್ವಾ! ಗಾಡಿ ಅಲ್ಲ ಇದು, ಗರುಡ ಇದು!"

"ಹಂಗೇ ಬೋಲೋ ಸರ್‌ಗೆ, ಪ್ಲೀಸ್. ಈ ಮಹೀನಾ ಒಂದೂ ಗಾಡಿ ಸೇಲ್ ಆಗಿಲ್ಲ ನಂದು."

ಅಷ್ಟು ಕೇಳಿದ್ದೇ ತಡ, ಶಂಕ್ರೆಪ್ಪನ ನಗು ಆರಿತು. ತಿರುಗಿ ಬರುವಾಗ ಗಾಡಿಯನ್ನು ಬೈದುಕೊಂಡ. ಇಷ್ಟು ಚೊಲೋ ಇರಬೇಕೇನಲೇ ನೀನು? ಒಂದು ಕುಂದು ಇರಬಾರದಿತ್ತೇ, ಹಿಡಿದು ತೋರಿಸಲಿಕ್ಕೆ?

ಸಾಹೇಬರು ಸೋಫಾದ ತುದಿಗೆ ಸರಿದು ಕೂತಿದ್ದರು, ಪರೀಕ್ಷೆಯ ರಿಸಲ್ಟು ಕೇಳುವವರ ಹಾಗೆ. "ಹೆಂಗದ?"

ಶಂಕ್ರೆಪ್ಪ ನೆಲ ನೋಡಿದ. "ಬ್ಯಾಡ್ರಿ ಸಾಹೇಬ್ರ. ಭಾಳ ಕೆಳಗ ಐತಿ, ನಿಮ್ಮ ಮೊಣಕಾಲಿಗೆ ಇಳಿಯಾಕ ಏಳಾಕ ಆಗೂದಿಲ್ಲ. ಗುಂಡಿ ಬಂದ್ರ ಬೆನ್ನಿಗೆ ಧಡಾಲ್ ಅಂತ ಬಡೀತೈತಿ. ಸ್ಟೇರಿಂಗೂ ಒಂದ ಕಡೆ ಎಳೀತೈತ್ರಿ. ಗಾಳಿ ಮಾರಿಗೆ ಹೊಡದು ಉಸರ ಆಡೂದಿಲ್ಲ. ನನಗ ಒಂದ ಚೂರೂ ಸೇರಲಿಲ್ಲ."

ಸೌಮ್ಯಾ ಅವನನ್ನೇ ನೋಡಿದಳು. ಡ್ರೈವರನ ಮಾತು ಸುಳ್ಳೆಂದು ಸಾಹೇಬರ ಎದುರು ಹೇಳುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಕೀಲಿ ತೆಗೆದುಕೊಂಡು ಹೋದಳು. ಆ ಹುಡುಗಿಯ ಹೊಟ್ಟೆಯ ಮೇಲೂ ಹೊಡೆದೆನಲ್ಲ ಎಂದು ಶಂಕ್ರೆಪ್ಪನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮೇಲೆ ಒಂದು ನಿರಾಳ ತೇಲುತ್ತಿತ್ತು. ಬಚಾವಾದೆ ಎಂದುಕೊಂಡ.

"ಹಂಗಂತೀಯಾ?" ಎಂದರು ಸಾಹೇಬರು. ಸ್ವಲ್ಪ ಹೊತ್ತು ಆ ಹಸಿರು ಕಾರನ್ನೇ ನೋಡುತ್ತ ನಿಂತು, "ಆತು, ನಡಿ," ಎಂದರು.

ಹಳೆಯ ಕಾರು ಮಾಟುಂಗದ ಕಡೆ ಹೊರಟಿತು. ದಾದರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತಾಗ ಸಾಹೇಬರು ಹಿಂದಿನಿಂದ ತಾವಾಗಿಯೇ ಮಾತಾಡಿದರು. ಹೆಂಡತಿ ಹೋದ ಮೇಲೆ ಕಾರಿನಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

"ನನಗ ಹುಚ್ಚು ಹಿಡದದ ಅಂದ್ಕೊಂಡಿರಬೇಕು ನೀ. ಈ ವಯಸ್ಸಿನಾಗ ಎರಡ ಸೀಟಿನ ಗಾಡಿ!"

"ಛೇ ಛೇ, ಹಂಗಲ್ರಿ."

"ಇಲ್ಲಿ ಕುಂತ್ರ ಬಾಜೂಕ ಖಾಲಿ ಕಾಣ್ತದೋ ಶಂಕ್ರೆಪ್ಪಾ. ಪ್ರತಿ ಸಂಜೀಕ ಕಾಣ್ತದ. ಕೈ ಹಿಂಗ ಇಟ್ರ ಬರೇ ಸೀಟು ಸಿಗ್ತದ. ನಿನ್ನ ಬಾಜೂ ಮುಂದ ಕುಂಡ್ರೂಣು ಅಂತ ಮೊನ್ನೆ ಮುಂದಿನ ಬಾಗಲಕ್ಕ ಕೈ ಹಚ್ಚಿದೆ. ನೀ ಓಡಿ ಬಂದು ಹಿಂದಿನ ಬಾಗಲಾ ತಗದು ನಿಂತಿ. ಏನ್ ಹೇಳ್ಲಿ ನಿನಗ? ಸುಮ್ನ ಹಿಂದ ಹೋಗಿ ಕುಂತೆ." ಅವರು ಸಣ್ಣಗೆ ನಕ್ಕರು. "ಆ ಗಾಡಿಗೆ ಹಿಂದಿನ ಸೀಟೇ ಇಲ್ಲಲ್ಲ. ನೀ ಹೊಡೀತಿ, ನಾ ಬಾಜೂ ಕುಂಡ್ರತೀನಿ. ಎಲ್ಲಿ ಓಡಿ ಬಂದು ಯಾವ ಬಾಗಲಾ ತಗೀತಿ? ಮಹಾದೇವಿಗೆ ಕಿಡಕಿ ಇಳಿಸಿದ್ರ ಸಾಕಿತ್ತು, ಖುಷಿ ಆಗ್ತಿದ್ಲು. ಧೂಳು ಅಂತ ನಾನ ಬೈದು ಏರಿಸ್ತಿದ್ದೆ. ಅದಕ್ಕ ಮ್ಯಾಲೆ ಬಯಲು ಇರೂ ಗಾಡೀನ ಬೇಕನಸ್ತು. ಇರಲಿ ಬಿಡು."

ಹಿಂದಿನ ವಾಹನಗಳು ಹಾರ್ನು ಹೊಡೆಯತೊಡಗಿದವು. ಸಿಗ್ನಲ್ ಬಿಟ್ಟದ್ದು ಶಂಕ್ರೆಪ್ಪನಿಗೆ ಕಂಡಿರಲಿಲ್ಲ. ಎರಡು ಸೀಟು ಎಂದ ಕೂಡಲೇ ಅವನು ಮನಸ್ಸಿನಲ್ಲೇ ಒಂದರಲ್ಲಿ ಸಾಹೇಬರನ್ನು ಕೂರಿಸಿದ್ದ. ಇನ್ನೊಂದರಲ್ಲಿ ಮಗಳನ್ನು, ಅಳಿಯನನ್ನು, ಗೆಳೆಯರನ್ನು, ಯಾರನ್ನು ಬೇಕಾದರೂ ಕೂರಿಸಿ ನೋಡಿದ್ದ. ತನ್ನನ್ನು ಕೂರಿಸಿ ನೋಡುವ ಬುದ್ಧಿ ಮಾತ್ರ ಅವನಿಗೆ ಬರಲಿಲ್ಲ. ಸಾಹೇಬರು ಎಲ್ಲಾದರೂ ಡ್ರೈವರನ ಹೆಗಲಿಗೆ ಹೆಗಲು ತಾಗಿಸಿ ಕೂತಾರೇ?

"ಸಾಹೇಬ್ರ," ಎಂದ. "ಗಾಡಿ ಚೊಲೋ ಐತ್ರಿ. ಭಾಳ ಚೊಲೋ ಐತಿ. ನಾ ಸುಳ್ಳ ಹೇಳಿದೆ. ತಿರುಗಿಸ್ಲೇನು? ಈಗ ಹೋಗಿ ತಗೊಳ್ಳೂಣ್ರಿ."

ಕನ್ನಡಿಯಲ್ಲಿ ಸಾಹೇಬರ ಮುಖ ಮೆತ್ತಗಾಯಿತು. "ನನಗ ಬ್ಯಾಸರ ಆಗ್ತದಂತ ಹಂಗ ಹೇಳಬ್ಯಾಡೋ. ಇಷ್ಟು ವರ್ಷದಾಗ ಒಂದಿನ ನನ್ನ ಮುಂದ ಸುಳ್ಳು ಹೇಳಿಲ್ಲ ನೀ. ಈಗ ಕಲೀಬ್ಯಾಡ."

"ಖರೇ ಹೇಳ್ತೀನ್ರೀ, ನನ್ನ ಆಣಿ..."

"ಸಾಕು. ನಿನ್ನ ಬಾಯಿಂದ ಬಂದ ಮೊದಲನೇ ಮಾತ ಖರೇ ಮಾತು." ಅವರು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. "ಇದೊಂದು ಆಸೆ ಉಳದಿತ್ತು, ಅಷ್ಟ. ಅನುರಾಧಾ ಕರಿಯಾಕ ಹತ್ತಿ ಎಷ್ಟೋ ದಿನ ಆತು. ಪುಣೆಗೆ ಹೋಗಿಬಿಡ್ತೀನಿ. ದೀವಳಿಗಿ ಅಲ್ಲೇ ಮಾಡಿದ್ರಾತು. ಈ ಗಾಡಿ ಮಾರಿಬಿಡೂಣು. ನೀನೂ ಭಾಳ ದುಡದೀ, ಇನ್ನ ಆರಾಮ ಇರು."

ಆಡಿದ ಮಾತು, ಒಡೆದ ಮುತ್ತು. ಎರಡೂ ಕೂಡುವುದಿಲ್ಲ ಎಂದು ಶಾಲೆಗೆ ಹೋಗದವನಿಗೂ ಗೊತ್ತು. ಶಂಕ್ರೆಪ್ಪ ಬಿಲ್ಡಿಂಗಿನ ಒಳಗೆ ಕಾರು ತಂದು ನಿಲ್ಲಿಸಿದ. ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದ. ಸಾಹೇಬರು ಅವನ ಹೆಗಲ ಮೇಲೆ ಕೈಯೂರಿ ಇಳಿದರು, ಒಂದು ಸಲ ಹೆಗಲನ್ನು ತಟ್ಟಿ ಲಿಫ್ಟಿನ ಕಡೆ ನಡೆದರು. ಅವನಿಗೆ ಕಾಲಿಗೆ ಬೀಳಬೇಕೆನಿಸಿತು, ಕೂಗಬೇಕೆನಿಸಿತು. ಕಾರು ಲಾಕ್ ಮಾಡಿದ, ಅಷ್ಟೇ.

ಲೋಕಲ್ ರೈಲಿನಲ್ಲಿ ಜೋಗೇಶ್ವರಿಯ ತನಕ ನಿಂತೇ ಬಂದ. ಕೂರಲು ಜಾಗ ಸಿಕ್ಕಿತ್ತು, ಕೂರಲು ಮನಸ್ಸಾಗಲಿಲ್ಲ. ಚಾಳಿನ ಓಣಿಗೆ ಬರುವಷ್ಟರಲ್ಲಿ ನಲ್ಲಿಯ ನೀರು ಬಂದಿತ್ತು, ಹೆಂಗಸರು ಕೊಡ ಹಿಡಿದು ನಿಂತಿದ್ದರು. ದಾನವ್ವ ಕೊಡ ಅಲ್ಲೇ ಬಿಟ್ಟು ಓಡಿ ಬಂದಳು.

"ಏನಾತು? ತಗೊಂಡ್ರೇನು?"

"ಇಲ್ಲ."

"ಖರೇನ?"

"ಖರೇನ. ನಾ ಬ್ಯಾಡಂದೆ. ಬಿಟ್ರು."

"ನಾ ಹೇಳಿರಲಿಲ್ಲೇನು! ನಿನ್ನ ಮಾತ ತಗದ ಹಾಕೂ ಮನಿಷ್ಯಾ ಅಲ್ಲಂವ!" ಅವಳ ಕಣ್ಣಲ್ಲಿ ನೀರು ತುಂಬಿತು. ಇಷ್ಟು ದಿನ ಬೈದು ಬೈದು ತಡೆದಿಟ್ಟುಕೊಂಡ ನೀರು ಅದು. ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ನೀರಿಗೆ ನಿಂತವರ ಅಂಗೈಗೆಲ್ಲ ಒಂದೊಂದು ಚಿಟಿಕೆ ಹಾಕಿದಳು. "ನಮ್ಮನಿಯವರ ಕೆಲಸ ಉಳೀತವ್ವಾ, ದೇವ್ರು ದೊಡ್ಡಾಂವ, ಕೆಲಸ ಉಳೀತು!" ಎಂದು ಎಲ್ಲರಿಗೂ ಹೇಳಿದಳು. ಅವರೂ ನಕ್ಕರು, ಅವಳ ಬೆನ್ನು ತಟ್ಟಿದರು.

ಕೊನೆಗೆ ಗಂಡನ ಎದುರಿಗೆ ಬಂದು ನಿಂತಳು. ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇನ್ನು ಆಗುವುದಿಲ್ಲ ಎಂದು ಶಂಕ್ರೆಪ್ಪ ಬಾಯಿ ತೆರೆದ. ತೆರೆದ ಬಾಯಿಗೆ ಅವಳು ಸಕ್ಕರೆ ಹಾಕಿದಳು.